ಕುಂಬಳ ಬೀಜ ಕೈಕೊಟ್ಟಾಗ: ಮೆತ್ತಗಾದರೆ, ಕಹಿಯಾದರೆ, ಸೀದರೆ

ಹುರಿದ ಕುಂಬಳ ಬೀಜ ಕೈಕೊಟ್ಟರೆ ದೋಷ ಯಾವ ಹೊತ್ತಿಗೆ ಕಾಣಿಸಿಕೊಂಡಿತು ಎಂಬುದನ್ನು ಮೊದಲು ನೆನಪಿಸಿಕೊಳ್ಳಿ. ಹಸಿಯಲ್ಲೇ ಇತ್ತೋ, ಬಾಣಲೆಯಲ್ಲಿ ಬಂತೋ, ಆರಿದ ಮೇಲೆ ಗೊತ್ತಾಯಿತೋ, ಮಾರನೆಯ ದಿನವೋ, ತಿಂಗಳು ಕಳೆದ ಮೇಲೋ. ಕಹಿ ಎಂದರೆ ಎಲ್ಲವೂ ಕಹಿಯೇ, ಆದರೆ ಹೊತ್ತು ಬೇರೆಯಾದರೆ ಕಾರಣ ಬೇರೆ, ಮದ್ದೂ ಬೇರೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಮುಕ್ಕಾಲು ಪಾಲು ತಕರಾರು ತೇವದ್ದೇ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಮಳೆಗಾಲ ಮುಗಿಯುವ ತನಕ ಅದೇ ಕಥೆ. ಚಳಿ ಬಿದ್ದ ಮೇಲೆ ಬೇರೆ ತರಲೆ ಶುರು.

ಇಲ್ಲಿ ಎರಡು ಬಗೆಯ ಬೀಜದ ಮಾತು ಬರುತ್ತದೆ. ಒಂದು, ಮನೆಯಲ್ಲಿ ಸಿಹಿಗುಂಬಳ (ಶಿರಸಿ ಕಡೆಯವರ ಚೀನಿಕಾಯಿ) ಹೆಚ್ಚಿದಾಗ ಸಿಗುವ ಬಿಳಿ ಸಿಪ್ಪೆಯ ಬೀಜ. ಇನ್ನೊಂದು, ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ಮಾರುವ ಹಸಿರು ತಿರುಳು. ಎರಡನ್ನೂ ಒಂದೇ ಉರಿಯಲ್ಲಿ, ಒಂದೇ ಹೊತ್ತು ಹುರಿದರೆ ಒಂದು ಹಸಿ ಉಳಿಯುತ್ತದೆ, ಇನ್ನೊಂದು ಸೀಯುತ್ತದೆ. ನಮ್ಮ ಹಿತ್ತಲಿನ ಕುಂಬಳ ಹೆಚ್ಚಾಗಿ ಕುಕುರ್ಬಿಟಾ ಮೊಸ್ಚಾಟಾ ಜಾತಿಯದು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿಯೂ ಅದೇ ಜಾತಿ. ಇದರ ಬೀಜಕ್ಕೆ ಸಿಪ್ಪೆ ದಪ್ಪ, ಅಂಚು ಗಟ್ಟಿ. ಗಟ್ಟಿ ಸಿಪ್ಪೆಯೇ ಇಲ್ಲದ ಹಸಿರು ಬೀಜ ಬಿಡುವ ಕುಂಬಳವೂ ಉಂಟು, ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತದ ಎಣ್ಣೆಗುಂಬಳ ಅಂಥದ್ದು. ಹಿತ್ತಲ ಕಾಯಿ ಕೊಯ್ದಾಗ ಆ ಹಸಿರು ನೇರವಾಗಿ ಕಾಣಲಿಲ್ಲ ಎಂದರೆ ಅದು ದೋಷವಲ್ಲ, ಸಿಪ್ಪೆ ಬಿಡಿಸಿದರೆ ಒಳಗೆ ಇದ್ದೇ ಇದೆ.

ಮೆತ್ತಗಿದೆ, ಕುರುಕಲು ಆಗಿಲ್ಲ

ಬಿಸಿ ಇರುವಾಗ ಬಾಯಿಗೆ ಹಾಕಿ ನೋಡಿ ತೀರ್ಪು ಕೊಡಬೇಡಿ. ಬಿಸಿ ಬೀಜ ಯಾವಾಗಲೂ ಮೆತ್ತಗೇ. ನಾಲ್ಕು ಬೀಜ ತೆಗೆದು ಸ್ಟೀಲ್ ತಟ್ಟೆಯ ಮೇಲೆ 10 ನಿಮಿಷ ಆರಲು ಬಿಡಿ, ಆಮೇಲೆ ಎರಡು ಬೆರಳಲ್ಲಿ ಹಿಡಿದು ಮುರಿಯಿರಿ. ಟಕ್ಕೆಂದು ಮುರಿದರೆ ಆಗಿದೆ. ಬಾಗಿ ಸಿಪ್ಪೆ ಹರಿದರೆ ಒಳಗೆ ನೀರಿದೆ.

ಆರಿದ ಕೂಡಲೇ ಮೆತ್ತಗಿದೆ ಎಂದಾದರೆ ಹುರಿಯುವ ಮೊದಲು ಒಣಗಿಸಿದ್ದು ಸಾಲಲಿಲ್ಲ. ಹಸಿ ಬೀಜವನ್ನು ತೊಳೆದು ನೇರ ಬಾಣಲೆಗೆ ಹಾಕಿದರೆ ಮೊದಲ ಹತ್ತು ನಿಮಿಷ ಅದು ಹುರಿಯುವುದೇ ಇಲ್ಲ, ತನ್ನ ಹಬೆಯಲ್ಲೇ ಬೇಯುತ್ತದೆ. ಅಷ್ಟರಲ್ಲಿ ಹೊರಸಿಪ್ಪೆ ಬಣ್ಣ ತಿರುಗುತ್ತದೆ, ಆಯಿತೆಂದು ನಾವು ಇಳಿಸುತ್ತೇವೆ, ತಿರುಳು ಹಸಿಯಾಗೇ ಉಳಿಯುತ್ತದೆ. ಒಣಗಿದ್ದು ಸಾಕೋ ಇಲ್ಲವೋ ತಿಳಿಯಲು ತೂಕ ನೋಡುವುದು ಖಾತ್ರಿ ದಾರಿ. ನೀರು ಬಸಿದ ಬೀಜವನ್ನು ಅಡುಗೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ದಿನಕ್ಕೆರಡು ಸಲ ತೂಗಿ. ಎರಡು ಸಲ ಒಂದರ ಹಿಂದೊಂದು ಅದೇ ತೂಕ ಬಂದರೆ ಒಣಗಿದೆ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಎರಡು ದಿನ ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲನ್ನು ನಂಬಿ ಕೂರುವಂತಿಲ್ಲ: ಒಂದು ರಾತ್ರಿ ಫ್ಯಾನಿನ ಕೆಳಗೆ ಬಟ್ಟೆಯ ಮೇಲೆ ಹರವಿ, ಬೆಳಿಗ್ಗೆ ಓವನ್‌ನಲ್ಲಿ 60-70 ಡಿಗ್ರಿಯಲ್ಲಿ ಬಾಗಿಲು ಒಂದು ಬೆರಳು ತೆರೆದಿಟ್ಟು ಎರಡು ಮೂರು ತಾಸು ಒಣಗಿಸಿ. ಬಾಗಿಲು ಪೂರ್ತಿ ಮುಚ್ಚಿದರೆ ಹಬೆ ಹೊರಗೆ ಹೋಗಲು ದಾರಿಯಿಲ್ಲ. ಒಲೆಯ ಮೇಲಿನ ಅಟ್ಟವಿರುವ ಮನೆಗಳಲ್ಲಿ ಗೆರಸಿಯಲ್ಲಿ (ಮೊರದಲ್ಲಿ) ಹರವಿ ಅಲ್ಲೇ ಇಡಬಹುದು, ಆದರೆ ಹೊಗೆಯ ವಾಸನೆ ಹಿಡಿಯುತ್ತದೆ. ಚಟ್ನಿಗೆ ಅದು ನಡೆಯುತ್ತದೆ, ಕೇಕಿಗೆ ನಡೆಯದು. ಪೇಪರ್ ಮೇಲೆ ಮಾತ್ರ ಒಣಹಾಕಬೇಡಿ. ಬೀಜದ ಲೋಳೆ ಅಂಟಿನ ಕೆಲಸ ಮಾಡಿ ಪೇಪರ್ ಜೊತೆಗೇ ಏಳುತ್ತದೆ.

ಆರಿದಾಗ ಚೆನ್ನಾಗಿತ್ತು, ಮಾರನೆಯ ದಿನ ಮೆತ್ತಗಾಯಿತು ಎಂದಾದರೆ ಹುರಿದದ್ದರಲ್ಲಿ ತಪ್ಪಿಲ್ಲ, ಗಾಳಿಯ ತೇವ ಒಳಹೊಕ್ಕಿದೆ. ಕರಾವಳಿಯ ಮಳೆಗಾಲದಲ್ಲಿ ತಟ್ಟೆಯಲ್ಲಿ ತೆರೆದಿಟ್ಟ ಬೀಜ ಒಂದೆರಡು ತಾಸಿನಲ್ಲೇ ಗರಿ ಕಳೆದುಕೊಳ್ಳುತ್ತದೆ. ಪೂರ್ತಿ ಆರಿದ ಕೂಡಲೇ, ಸಂಜೆಗೆಂದು ಕಾಯದೆ, ರಬ್ಬರ್ ಸುತ್ತಿನ ಮುಚ್ಚಳದ ಗಾಜಿನ ಡಬ್ಬಿಗೆ ತುಂಬಿ. ಉಗುರುಬೆಚ್ಚಗಿರುವಾಗ ತುಂಬಿದರೆ ಮುಚ್ಚಳದ ಒಳಗೆ ಬೆವರೊಡೆದು ಅದೇ ತೇವ ಮತ್ತೆ ಬೀಜಕ್ಕೆ ಇಳಿಯುತ್ತದೆ. ದೊಡ್ಡ ಡಬ್ಬಿ ಒಂದರ ಬದಲು ಸಣ್ಣವು ನಾಲ್ಕು ಇದ್ದರೆ ಒಂದನ್ನು ತೆರೆದಾಗ ಉಳಿದವು ಮುಚ್ಚಿಯೇ ಇರುತ್ತವೆ.

ಇದೇ ದೋಷ ಫ್ರಿಜ್‌ನಿಂದಲೂ ಬರುತ್ತದೆ, ಇದನ್ನು ಪತ್ತೆ ಹಚ್ಚುವವರು ಕಡಿಮೆ. ತಣ್ಣಗಿನ ಡಬ್ಬಿಯನ್ನು ಹೊರತೆಗೆದು ಆಗಲೇ ಮುಚ್ಚಳ ತೆಗೆದರೆ ಹೊರಗಿನ ಹಬೆಗಾಳಿ ತಣ್ಣನೆಯ ಬೀಜದ ಮೇಲೆ ಹನಿಯಾಗಿ ಕೂರುತ್ತದೆ. ಮುಚ್ಚಿದಂತೆಯೇ ಅರ್ಧ ಮುಕ್ಕಾಲು ತಾಸು ಹೊರಗಿಟ್ಟು, ಡಬ್ಬಿಯ ಹೊರಮೈ ಒಣಗಿದ ಮೇಲೆ ತೆರೆಯಿರಿ.

ಉಪ್ಪಿನದೂ ಒಂದು ಕೈವಾಡವಿದೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಹರಳುಪ್ಪು ಅಡುಗೆಗೆ ಒಳ್ಳೆಯದೇ, ಆದರೆ ಶುದ್ಧೀಕರಿಸದ ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಇರುತ್ತದೆ, ಅದು ಗಾಳಿಯಿಂದ ನೀರು ಎಳೆಯುತ್ತದೆ. ಅಂಥ ಉಪ್ಪನ್ನು ಹುರಿದ ಬೀಜದ ಮೇಲೆ ಉದುರಿಸಿಟ್ಟರೆ ಉಪ್ಪು ಒದ್ದೆಯಾಗಿ ಬೀಜವನ್ನೂ ಒದ್ದೆ ಮಾಡುತ್ತದೆ. ಉಪ್ಪನ್ನು ಬಾಣಲೆಯಲ್ಲಿ ಹುರಿದುಕೊಂಡರೆ ಆ ಹೊತ್ತಿನ ನೀರು ಹೋಗುತ್ತದೆ, ಎಳೆಯುವ ಗುಣ ಹೋಗುವುದಿಲ್ಲ. ಶುದ್ಧ ಉಪ್ಪು ಕೂಡ ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಕರಗತೊಡಗುತ್ತದೆ, ಮಳೆಗಾಲದಲ್ಲಿ ನಮ್ಮಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮಾಡಿಡುವ ಬೀಜವನ್ನು ಸಪ್ಪೆ ಹುರಿದು, ತಿನ್ನುವಾಗ ಉಪ್ಪು ಹಾಕಿಕೊಳ್ಳುವುದು ಜಾಣತನ.

ಮೆತ್ತಗಾದ ಸಪ್ಪೆ ಬೀಜ ಹಾಳಾಗಿಲ್ಲ. 120 ಡಿಗ್ರಿ ಓವನ್‌ನಲ್ಲಿ 10 ನಿಮಿಷ ಇಟ್ಟರೆ ಗರಿ ಮರಳುತ್ತದೆ. ಖಾರಪುಡಿ ಹಚ್ಚಿದ್ದಾದರೆ 100 ಡಿಗ್ರಿ ದಾಟಿಸಬೇಡಿ, ಹೊತ್ತು ಸ್ವಲ್ಪ ಹೆಚ್ಚು ಕೊಡಿ.

ಸಿಪ್ಪೆ ರಟ್ಟು ಅಗಿದ ಹಾಗಿದೆ

ಮೊಸ್ಚಾಟಾ ಬೀಜವನ್ನು ಸಿಪ್ಪೆ ಸಮೇತ ತಿನ್ನಬೇಕೆಂದರೆ ಹುರಿಯುವ ಮೊದಲು ಕುದಿಸಲೇಬೇಕು. 1 ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಉಪ್ಪು, ಸಣ್ಣ ಕುದಿಯಲ್ಲಿ 10 ನಿಮಿಷ. ಸಿಪ್ಪೆಯ ನಾರು ಸಡಿಲವಾಗುತ್ತದೆ, ಉಪ್ಪೂ ಒಳಗಿನ ತನಕ ಹೋಗುತ್ತದೆ. ಬಸಿದು, ಮೇಲೆ ಹೇಳಿದಂತೆ ಒಣಗಿಸಿ, ಒಂದು ಕಪ್ಪಿಗೆ ಒಂದು ಸಣ್ಣ ಚಮಚ ಎಣ್ಣೆ ಸವರಿ, 150 ಡಿಗ್ರಿಯಲ್ಲಿ 25ರಿಂದ 35 ನಿಮಿಷ, ಹತ್ತು ನಿಮಿಷಕ್ಕೊಮ್ಮೆ ಮಗುಚುತ್ತ. ಉರಿ ಹೆಚ್ಚಿಸಿ ಹೊತ್ತು ಉಳಿಸಲು ಹೋದರೆ ಸಿಪ್ಪೆ ಗರಿಯಾಗುವ ಮೊದಲೇ ಕಪ್ಪಾಗುತ್ತದೆ.

ಇಷ್ಟು ಮಾಡಿಯೂ ಅಗಿಯಲಾಗದಿದ್ದರೆ ಬೀಜ ತೀರ ಬಲಿತಿದೆ, ಸಿಪ್ಪೆ ಬಿಡಿಸಿ ತಿರುಳನ್ನಷ್ಟೇ ಬಳಸಿ. ಚೆನ್ನಾಗಿ ಒಣಗಿದ ಬೀಜದ ಚೂಪು ತುದಿಯನ್ನು ನೇಲ್ ಕಟರ್‌ನಿಂದ ಚೂರು ಕತ್ತರಿಸಿ, ಅಂಚು ಅದುಮಿದರೆ ಬಾಯಿ ಬಿಡುತ್ತದೆ. ಅರೆ ಒಣಗಿದ್ದಾದರೆ ತಿರುಳು ಸಿಪ್ಪೆಗೆ ಅಂಟಿಕೊಂಡು ಪುಡಿಯಾಗುತ್ತದೆ. 100 ಗ್ರಾಂ ಒಣಬೀಜದಿಂದ ಹೆಚ್ಚೆಂದರೆ 70-75 ಗ್ರಾಂ ತಿರುಳು. ಬೇಸರದ ಕೆಲಸ, ಟಿವಿ ಮುಂದೆ ಕೂತು ಮಾಡುವಂಥದ್ದು.

ಒಳಗೆ ಏನೂ ಇಲ್ಲ, ಜೊಳ್ಳು

ಎಳೆ ಕಾಯಿ ಕೊಯ್ದಿದ್ದರೆ ಹೀಗಾಗುತ್ತದೆ. ಬಲಿತ ಕುಂಬಳವನ್ನೂ ಕೊಯ್ದ ಕೂಡಲೇ ಹೆಚ್ಚದೆ ಗಾಳಿಯಾಡುವ ಕಡೆ ಎರಡು ಮೂರು ವಾರ ಇಟ್ಟರೆ ಒಳಗಿನ ಬೀಜ ಇನ್ನೂ ತುಂಬಿಕೊಳ್ಳುತ್ತದೆ. ತಿಂಗಳುಗಟ್ಟಲೆ ಇಟ್ಟರೆ ಮಾತ್ರ ಕಾಯಿಯೊಳಗೇ ಮೊಳಕೆ ಒಡೆಯುವುದೂ ಉಂಟು. ನೀರಿಗೆ ಹಾಕಿ ತೇಲಿದ್ದು ಜೊಳ್ಳು ಎಂಬ ಭತ್ತದ ಲೆಕ್ಕ ಇಲ್ಲಿ ನಡೆಯದು. ಸಿಪ್ಪೆ ಮತ್ತು ತಿರುಳಿನ ನಡುವೆ ಗಾಳಿ ಇರುವುದರಿಂದ ಗಟ್ಟಿ ಬೀಜವೂ ತೇಲುತ್ತದೆ. ನಾರು ಬೇರ್ಪಡಿಸಲು ಮಾತ್ರ ಈ ತೇಲುವಿಕೆ ಉಪಯೋಗಕ್ಕೆ ಬರುತ್ತದೆ. ಜೊಳ್ಳು ತಿಳಿಯಲು ನಡುವೆ ಹೆಬ್ಬೆರಳಿಂದ ಒತ್ತಿ ನೋಡಿ, ಇಲ್ಲವೇ ಒಣಗಿದ ಮೇಲೆ ಗೆರಸಿಯಲ್ಲಿ ಕೇರಿ.

ಕಹಿ

ಮೊದಲು ಹಸಿ ಬೀಜದ್ದೋ ಕಾಯಿಯದ್ದೋ ಒಂದು ಚೂರು ನಾಲಗೆಗೆ ಮುಟ್ಟಿಸಿ ಉಗಿಯಿರಿ. ಹಸಿಯಲ್ಲೇ ಕಟುಕಹಿ ಇದ್ದರೆ ಅದು ಕುಕುರ್ಬಿಟಾಸಿನ್, ಸೋರೆ, ಸೌತೆಯಲ್ಲೂ ಕೆಲವೊಮ್ಮೆ ಬರುವ ವಿಷ. ಬೇಯಿಸಿದರೂ, ಹುರಿದರೂ, ಉಪ್ಪುನೀರಲ್ಲಿ ನೆನೆಸಿದರೂ ಹೋಗುವುದಿಲ್ಲ. ಹೊಟ್ಟೆನೋವು, ವಾಂತಿ, ಭೇದಿ ತರುತ್ತದೆ. ಕಾಯಿ, ಬೀಜ ಎರಡನ್ನೂ ಎಸೆಯಿರಿ. ಆ ಬೀಜ ಬಿತ್ತನೆಗೂ ಬೇಡ. ಇಲ್ಲಿ ಉಳಿತಾಯದ ಮಾತೇ ಇಲ್ಲ.

ಹಸಿಯಲ್ಲಿ ಸಿಹಿ, ಹುರಿದ ಮೇಲೆ ಕಹಿ ಎಂದರೆ ಸೀದಿದೆ. ಒಂದು ತಿರುಳನ್ನು ಅಡ್ಡಕ್ಕೆ ಮುರಿದು ನೋಡಿ. ಒಳಗೆ ತಿಳಿಹಸಿರೋ ತುಸು ಹೊಂಬಣ್ಣವೋ ಇದ್ದರೆ ಸರಿ. ಕಂದು ಬಂದಿದ್ದರೆ ಮುಗಿಯಿತು, ಆ ಕಹಿಯನ್ನು ಬೆಲ್ಲ, ಖಾರ ಯಾವುದೂ ಮುಚ್ಚುವುದಿಲ್ಲ.

ಹುರಿದಾಗ ಚೆನ್ನಾಗಿತ್ತು, ತಿಂಗಳ ಮೇಲೆ ಗಂಟಲಲ್ಲಿ ಕೆರೆಯುವ ಕಹಿ, ಡಬ್ಬಿ ತೆರೆದರೆ ಕಮಟು ವಾಸನೆ: ಎಣ್ಣೆ ಕೆಟ್ಟಿದೆ. ತಿರುಳಿನ ತೂಕದ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ, ಅದರಲ್ಲೂ ಬೇಗ ಕೆಡುವ ಬಗೆಯ ಕೊಬ್ಬು ಹೆಚ್ಚು. ಸಿಪ್ಪೆ ಇರುವಷ್ಟು ಕಾಲ ಅದು ಕಾಯುತ್ತದೆ. ಬಿಡಿಸಿದ ಮೇಲೆ, ಹುರಿದ ಮೇಲೆ, ಪುಡಿ ಮಾಡಿದ ಮೇಲೆ ಆಯುಸ್ಸು ಒಂದೊಂದು ಮೆಟ್ಟಿಲು ಇಳಿಯುತ್ತದೆ. ತಿರುಳನ್ನು ಹಸಿಯಾಗಿಯೇ ಫ್ರಿಜ್‌ನಲ್ಲಿಟ್ಟು, ವಾರಕ್ಕೆ ಬೇಕಾದಷ್ಟನ್ನೇ ಹುರಿದುಕೊಳ್ಳಿ. ಅಂಗಡಿಯಲ್ಲಿ ಕಿಟಕಿ ಬಿಸಿಲಿಗೆ ನೇತುಹಾಕಿದ ಪಾರದರ್ಶಕ ಪ್ಯಾಕೆಟ್ ಎಷ್ಟು ಅಗ್ಗವಾದರೂ ಬೇಡ. ಕಮಟಾದದ್ದನ್ನು ಮತ್ತೆ ಹುರಿದರೆ ವಾಸನೆ ಒಂದು ದಿನ ಅಡಗಿದಂತೆ ಕಾಣಬಹುದು, ಎಣ್ಣೆ ಸರಿಯಾಗುವುದಿಲ್ಲ.

ಕಹಿಯ ಜೊತೆ ಬೂದು, ಹಸಿರು, ಕಪ್ಪು ಬೂಸ್ಟು ಕಂಡರೆ ತೊಳೆದು ಬಿಸಿಲಿಗೆ ಹಾಕುವ ಪ್ರಯತ್ನ ಬೇಡ. ಬೂಸ್ಟಿನ ಕೆಲವು ವಿಷಗಳು ಹುರಿಯುವ ಉರಿಗೆ ಬಗ್ಗುವುದಿಲ್ಲ.

ಹೊರಗೆ ಕಪ್ಪು, ಒಳಗೆ ಹಸಿ

ಹೆಚ್ಚಾಗಿ ನಾರು ಪೂರ್ತಿ ಹೋಗಿಲ್ಲ. ಅಂಟಿಕೊಂಡ ನಾರಿನಲ್ಲಿ ಸಕ್ಕರೆ ಇದೆ, ಬೀಜಕ್ಕಿಂತ ಮೊದಲು ಅದೇ ಸೀಯುತ್ತದೆ. ಕಪ್ಪು ಕಲೆ ಅಲ್ಲಲ್ಲಿ ಚುಕ್ಕೆಯಾಗಿದ್ದರೆ ಇದೇ ಕಾರಣ. ಒಂದು ಪಕ್ಕ ಮಾತ್ರ ಕಪ್ಪಾಗಿದ್ದರೆ ಮಗುಚಿದ್ದು ಸಾಲದು. ಎಲ್ಲ ಕಡೆ ಸಮನಾಗಿ ಕಪ್ಪಾಗಿದ್ದರೆ ಉರಿಯೇ ಹೆಚ್ಚು: ಒಟಿಜಿಯ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) ತಿರುಗಣೆ ಹೇಳುವ ಡಿಗ್ರಿಗೂ ಒಳಗಿನ ನಿಜವಾದ ಬಿಸಿಗೂ 20 ಡಿಗ್ರಿ ಅಂತರ ಸಾಮಾನ್ಯ. ಒಳಗಿಡುವ ಸಣ್ಣ ಓವನ್ ಥರ್ಮಾಮೀಟರ್ ತಂದರೆ ವಾದ ಮುಗಿಯುತ್ತದೆ. ಟ್ರೇ ನಡುವಿನ ಹಂತದಲ್ಲಿರಲಿ, ಬೀಜ ಒಂದೇ ಪದರ ಇರಲಿ.

ಹಸಿರು ತಿರುಳಿಗೆ ಬಾಣಲೆಯೇ ಸಾಕು. ಒಂದು ಕಪ್ ತಿರುಳು, ಎಣ್ಣೆ ಬೇಡ, ಸಣ್ಣ ಉರಿ, ಸಟ್ಟುಗ ನಿಲ್ಲಿಸುವಂತಿಲ್ಲ. ಮೂರನೇ ನಿಮಿಷದ ಹೊತ್ತಿಗೆ ಚಟಚಟ ಸದ್ದು ಶುರುವಾಗಿ ಚಪ್ಪಟೆ ಬೀಜ ಉಬ್ಬುತ್ತದೆ; ಒಳಗಿನ ನೀರು ಹಬೆಯಾಗಿ ಒಡೆಯುವ ಸದ್ದು ಅದು. ಸದ್ದು ಇಳಿಮುಖವಾದಾಗ, ಸುಮಾರು ಐದಾರು ನಿಮಿಷಕ್ಕೆ, ಕೂಡಲೇ ಬೇರೆ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ, ಅದರಲ್ಲೂ ಬೀಡಿನ ಬಾಣಲೆಯಾದರೆ, ಅದು ಇನ್ನೂ ಎರಡು ಮೂರು ನಿಮಿಷ ಹುರಿಯುತ್ತಲೇ ಇರುತ್ತದೆ. ಆಗಷ್ಟೇ ಸರಿಯಾಗಿದ್ದ ಬೀಜ ಸೀಯುವುದು ಹೀಗೆ. ಬೀಜ ಸಿಡಿದು ಹೊರಗೆ ಹಾರುತ್ತಿದ್ದರೆ ತೇವ ಉಳಿದಿದೆ ಅಥವಾ ಉರಿ ಹೆಚ್ಚಾಗಿದೆ.

ಏರ್ ಫ್ರೈಯರ್‌ನಲ್ಲಿ ಹಗುರ ಬೀಜ ಗಾಳಿಗೆ ಎದ್ದು ಮೇಲಿನ ಕಾಯಿಲ್‌ಗೆ ಬಡಿದು ಸೀಯುತ್ತದೆ, ವಾಸನೆ ಉಳಿದದ್ದಕ್ಕೂ ಹಿಡಿಯುತ್ತದೆ. ಮೇಲೆ ಒಂದು ತಂತಿ ಜಾಲರಿ ಮುಚ್ಚಿ, 150 ಡಿಗ್ರಿಗೆ ಇಡಿ.

ಉಪ್ಪು, ಖಾರ ತಳದಲ್ಲೇ ಉಳಿಯುತ್ತದೆ

ಒಣ ಬೀಜಕ್ಕೆ ಒಣ ಪುಡಿ ಅಂಟುವುದಿಲ್ಲ. ಎರಡು ದೊಡ್ಡ ಚಮಚ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಕರಗಿಸಿ, ಹುರಿಯುವುದು ಮುಗಿಯಲು ಎರಡು ನಿಮಿಷ ಇರುವಾಗ ಚಿಮುಕಿಸಿ ಮಗುಚಿ. ನೀರು ಆರಿ ಉಪ್ಪಿನ ತೆಳು ಪೊರೆ ಕೂರುತ್ತದೆ. ಖಾರಪುಡಿ, ಇಂಗು, ಅರಿಶಿನ ಇವನ್ನು ಒಲೆ ಆರಿಸಿದ ಮೇಲೆಯೇ ಹಾಕಬೇಕು, ಮೊದಲೇ ಹಾಕಿದರೆ ಮೆಣಸಿನ ಘಾಟು ಮನೆ ತುಂಬಿ ಬೀಜ ಕಹಿಯಾಗುತ್ತದೆ.

ಕೊಬ್ಬರಿ ಎಣ್ಣೆಯಲ್ಲಿ ಮಸಾಲೆ ಹಚ್ಚಿದ ಬೀಜದ ಮೇಲೆ ಬಿಳಿ ಮಚ್ಚೆ ಕಂಡರೆ ಬೂಸ್ಟು ಎಂದು ಎಸೆಯುವ ಮೊದಲು ಬೆರಳಲ್ಲಿ ಉಜ್ಜಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಶಿರಸಿಯ ಡಿಸೆಂಬರ್ ಬೆಳಿಗ್ಗೆಗೆ ಅಷ್ಟು ಚಳಿ ಧಾರಾಳ. ಬೆರಳ ಬಿಸಿಗೆ ಕರಗಿದರೆ ಎಣ್ಣೆ; ಪುಡಿಯಾಗಿ ಉದುರಿದರೆ, ಮುಗ್ಗಲು ವಾಸನೆ ಬಂದರೆ ಬೂಸ್ಟು.

ಚಿಕ್ಕಿ ಹಲ್ಲಿಗೆ ಅಂಟುತ್ತದೆ

ಪಾಕ ಹಿಂದೆ ಉಳಿದಿದೆ ಅಥವಾ ಬೆಲ್ಲವೇ ತಪ್ಪು. ಘಟ್ಟದ ಮೇಲಿನ ಆಲೆಮನೆಯ ಜೋನಿಬೆಲ್ಲದಲ್ಲಿ (ಅಚ್ಚಿಗೆ ಹಾಕದ ನೀರುಬೆಲ್ಲ) ಚಿಕ್ಕಿ ಮಾಡಲು ಹೋಗಬೇಡಿ. ಅದರಲ್ಲಿ ಹರಳುಗಟ್ಟದ, ತೇವ ಎಳೆಯುವ ಸಕ್ಕರೆ ಹೆಚ್ಚು. ಎಷ್ಟು ಕಾಸಿ ಗಟ್ಟಿ ಮಾಡಿದರೂ ಗಾಳಿಗೆ ಮತ್ತೆ ಜಿಗುಟಾಗುತ್ತದೆ. ಉಂಡೆಗಾದರೆ ಅದೇ ಜೋನಿ ಚೆನ್ನ.

ಒಂದು ಕಪ್ ಹುರಿದ ತಿರುಳಿಗೆ, ಅಂದರೆ ಸುಮಾರು 140 ಗ್ರಾಂಗೆ, 120 ಗ್ರಾಂ ಅಚ್ಚುಬೆಲ್ಲ. ಎರಡು ಚಮಚ ನೀರಲ್ಲಿ ಕರಗಿಸಿ ಸೋಸಿ, ಒಂದು ಚಮಚ ತುಪ್ಪ ಹಾಕಿ ಕುದಿಸಿ. ತಣ್ಣೀರ ಬಟ್ಟಲಿಗೆ ಒಂದು ಹನಿ ಬಿಟ್ಟು ನೋಡುತ್ತಿರಿ. ಉಂಡೆ ಮಾಡಲು ಬಂದರೆ ಆಗಿಲ್ಲ. ಎಳೆದರೆ ನೂಲಾಗಿ ಬಾಗಿದರೂ ಆಗಿಲ್ಲ. ಬಟ್ಟಲಿಗೆ ಬಡಿದಾಗ ಟಣ್ಣೆಂದು, ಕಚ್ಚಿದರೆ ಗಾಜಿನ ಚೂರಾಗಿ ಒಡೆದರೆ ಇಳಿಸುವ ಹೊತ್ತು. ಥರ್ಮಾಮೀಟರಲ್ಲಿ ಇದು 148-150 ಡಿಗ್ರಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಅಲ್ಲಿ ನೀರು 98 ಡಿಗ್ರಿಯಲ್ಲೇ ಕುದಿಯುವುದರಿಂದ ಪಾಕದ ಲೆಕ್ಕದಲ್ಲೂ ಎರಡು ಡಿಗ್ರಿ ಕಳೆಯಬೇಕು. ಕಾರವಾರದ ಅಳತೆ ಇಟ್ಟು ಅಲ್ಲಿ ಕಾಸಿದರೆ ಅಂಚಿನಲ್ಲಿ ಸೀದ ರುಚಿ ಬರಬಹುದು. ತಿರುಳು ಬೆಚ್ಚಗಿರಲಿ. ತಣ್ಣನೆಯದು ಹಾಕಿದರೆ ಪಾಕ ಅಲ್ಲೇ ಗಟ್ಟಿಯಾಗಿ ಲಟ್ಟಿಸಲು ಬರುವುದಿಲ್ಲ.

ಲಟ್ಟಿಸಿದಾಗ ಗರಿಯಾಗಿದ್ದು ಸಂಜೆಗೆ ಜಿಗುಟಾದರೆ ಪಾಕವನ್ನು ದೂರಬೇಡಿ, ತೆರೆದಿಟ್ಟದ್ದನ್ನು ದೂರಿ.

ತಂಬುಳಿ, ಚಟ್ನಿಪುಡಿ

ತಂಬುಳಿಗೆ ಎರಡು ದೊಡ್ಡ ಚಮಚ ಹುರಿದ ತಿರುಳು, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಕಾಲು ಕಪ್ ಕಾಯಿತುರಿ, ಒಂದೂವರೆ ಕಪ್ ಮಜ್ಜಿಗೆ. ತರಿತರಿಯಾಗಿ ನಾಲಗೆಗೆ ಸಿಕ್ಕರೆ ಸಿಪ್ಪೆ ಸಮೇತ ರುಬ್ಬಿದ್ದೀರಿ. ಸೋಸಿದರೆ ತರಿ ಹೋಗುತ್ತದೆ, ರುಚಿಯೂ ಅರ್ಧ ಹೋಗುತ್ತದೆ. ಮೇಲೆ ಎಣ್ಣೆ ತೇಲಿದರೆ ಬಿಸಿ ಬೀಜವನ್ನೇ ರುಬ್ಬಿದ್ದು. ಒಡೆದು ನೀರು ಬೇರೆಯಾದರೆ ರುಬ್ಬಿದ್ದು ಬಿಸಿಯಾಗಿರುವಾಗಲೇ ಮಜ್ಜಿಗೆ ಬೆರೆಸಿದ್ದು, ಇಲ್ಲವೇ ತಂಬುಳಿಯನ್ನು ಒಲೆಗೇರಿಸಿದ್ದು.

ಚಟ್ನಿಪುಡಿ ಮುದ್ದೆಯಾಗುವುದಕ್ಕೂ ಬಿಸಿಯೇ ಕಾರಣ. ಪೂರ್ತಿ ಆರಿಸಿ, ಮಿಕ್ಸಿಯನ್ನು ಮೂರು ನಾಲ್ಕು ಸೆಕೆಂಡಿಗೊಮ್ಮೆ ನಿಲ್ಲಿಸುತ್ತ ತಿರುಗಿಸಿ. ಮೊದಲು ಕಡಲೆ, ಒಣಮೆಣಸು, ಬೆಳ್ಳುಳ್ಳಿ ಪುಡಿಯಾಗಲಿ, ಎಣ್ಣೆ ಬಿಡುವ ಕುಂಬಳ ಬೀಜ ಕೊನೆಗೆ. ಬೀಜದ ಬೆಣ್ಣೆ ಬೇಕೆಂದವರು ಇದರ ತದ್ವಿರುದ್ಧ ಮಾಡಬೇಕು: ಬೆಚ್ಚಗಿರುವಾಗಲೇ, ಬಿಡದೆ, ಮೋಟಾರು ಕಾದರೆ ನಡುವೆ ವಿರಾಮ ಕೊಟ್ಟು ತಿರುಗಿಸಿ. ಪುಡಿ, ಆಮೇಲೆ ಮುದ್ದೆ, ಆಮೇಲೆ ಎಣ್ಣೆ. ಮುದ್ದೆಯ ಹಂತದಲ್ಲಿ ಹೆದರಿ ನೀರು ಹಾಕಿದರೆ ಕಲ್ಲಾಗುತ್ತದೆ. ಬೇಕಾದರೆ ಒಂದು ಚಮಚ ಎಣ್ಣೆ ಹಾಕಿ.

ಬ್ರೆಡ್, ಬನ್, ಕೇಕ್

ಮೇಲೆ ಉದುರಿಸಿದ ಬೀಜ ಕೊಯ್ಯುವಾಗ ಉದುರಿದರೆ ಒಣ ಹಿಟ್ಟಿನ ಮೇಲೆ ಹಾಕಿದ್ದೀರಿ. ಹಾಲು ಇಲ್ಲವೇ ನೀರು ಸವರಿ, ಬೀಜ ಹಾಕಿ, ಅಂಗೈಯಲ್ಲಿ ಮೆಲ್ಲಗೆ ಒತ್ತಿ, ಆಮೇಲೆ ಉಬ್ಬಲು ಬಿಡಿ. ಮೇಲಿನ ಬೀಜವನ್ನು ಮೊದಲೇ ಹುರಿದಿರಬಾರದು, 200 ಡಿಗ್ರಿಯಲ್ಲಿ ಅದು ಎರಡನೇ ಸಲ ಹುರಿದು ಸೀಯುತ್ತದೆ. ಬಣ್ಣ ಬಂದ ಕೂಡಲೇ ಫಾಯಿಲ್ ಮುಚ್ಚಿ.

ಹಿಟ್ಟಿನೊಳಗೆ ಹಾಕುವುದಾದರೆ 500 ಗ್ರಾಂ ಹಿಟ್ಟಿಗೆ 75ರಿಂದ 100 ಗ್ರಾಂ ಸಾಕು. ಒಣಬೀಜ ಹಿಟ್ಟಿನ ನೀರು ಕುಡಿದು ಬ್ರೆಡ್ ಬಿರುಸಾಗುತ್ತದೆ, ಹಾಗಾಗಿ ಅರ್ಧ ತಾಸು ನೆನೆಸಿ ಬಸಿದು ಬಳಸಿ. ನಾದುವುದು ಮುಗಿಯುವ ಹೊತ್ತಿಗೆ ಸೇರಿಸಿ. ಮೊದಲೇ ಹಾಕಿದರೆ ಬೀಜದ ಅಂಚು ಹಿಟ್ಟಿನ ಎಳೆಗಳನ್ನು ಕೊಯ್ದು ಬ್ರೆಡ್ ಕುಗ್ಗುತ್ತದೆ.

ಕೇಕ್ ಒಳಗೆ ಹಸಿರು ಬಣ್ಣ ಕಂಡರೆ ಗಾಬರಿ ಬೇಡ. ಕುಂಬಳ ಬೀಜದ ಪುಡಿ ಹಾಕಿದ್ದರೆ ಅದರದೇ ಬಣ್ಣ. ಸೂರ್ಯಕಾಂತಿ ಬೀಜವೂ ಸೇರಿದ ಮಿಶ್ರಣವಾಗಿದ್ದು, ಮಾರನೆಯ ದಿನ ಹಸಿರು ಹೆಚ್ಚಾದರೆ ಅದು ಸೂರ್ಯಕಾಂತಿಯ ಕ್ಲೋರೊಜೆನಿಕ್ ಆಮ್ಲ ಅಡುಗೆ ಸೋಡಾ ಜೊತೆ ಸೇರಿ ಮಾಡಿದ ಕೆಲಸ. ತಿನ್ನಲು ಅಡ್ಡಿಯಿಲ್ಲ. ಮುಂದಿನ ಸಲ ಸೋಡಾ ಮೂರನೇ ಒಂದು ಪಾಲು ಇಳಿಸಿ, ಒಂದು ಚಮಚ ಲಿಂಬೆರಸ ಸೇರಿಸಿ.